ನಾಲ್ಕನೇ ಸಾಲು

"ನಿಲ್ಲಿಸಿ! ದಯವಿಟ್ಟು ನಿಲ್ಲಿಸಿ!"

ಕೊಳಲನ್ನು ತುಟಿಯಿಂದ ಇಳಿಸಿ ಅವಳು ಕೂಗಿದ ಜೋರಿಗೆ, ಆಸ್ಪತ್ರೆಯ ವಾರ್ಡಿನ ಕಿಟಕಿಯ ಪಕ್ಕ ತೂಕಡಿಸುತ್ತಿದ್ದ, ಹಿಂದೆ ಬಟ್ಟೆ ಹೊಲಿಯುತ್ತಿದ್ದ ಟೈಲರ್ ಅಜ್ಜಿ ಬೆಚ್ಚಿಬಿದ್ದು ಕಣ್ಣು ಬಿಟ್ಟರು.

ಬಾಗಿಲಲ್ಲಿ ನಿಂತಿದ್ದವನ ಕೈಯಲ್ಲಿ ಪಿಟೀಲಿನ ಕಮಾನು ಗಾಳಿಯಲ್ಲೇ ನಿಂತುಬಿಟ್ಟಿತು.

"ಸಾರಿ... ನೀವು ಮುಂದಿನ ಸಾಲು ಮರೆತ್ರೇನೋ ಅಂದ್ಕೊಂಡೆ."

"ಮರೆಯೋದಾ? ನಾನಾ?"

"ಮೂರು ಸಾಲು ಅಷ್ಟು ಚೆನ್ನಾಗಿ ಬಂದು ಗಕ್ಕನೆ ನಿಂತುಹೋಯ್ತಲ್ಲ! ಅರ್ಧಕ್ಕೆ ನಿಂತ ಹಾಡು ಕೇಳ್ಕೊಂಡು ಸುಮ್ನಿರೋಕೆ ನನ್ನ ಕೈಲಿ ಆಗಲ್ಲ ಕಣ್ರೀ. ಕೈ ತಾನಾಗೇ ಹೋಗ್ಬಿಡ್ತು."

"ಹೋಗಿದ್ದೂ ತಪ್ಪು ಜಾಗಕ್ಕೆ! ಆ ಸಾಲು ಷಡ್ಜಕ್ಕೆ ಇಳಿಯೋದೇ ಇಲ್ಲ."

"ಮತ್ತೆ ಎಲ್ಲಿಗೆ ಹೋಗುತ್ತೆ?" ಬೈಸಿಕೊಳ್ಳುತ್ತಿದ್ದೇನೆ ಎಂಬುದನ್ನೂ ಮರೆತು ಅವನು ಆಸೆಯಿಂದ ಕೇಳಿದ.

"ಹೇಳಲ್ಲ. ಅದು ನಿಮ್ದೂ ಅಲ್ಲ, ನಂದೂ ಅಲ್ಲ... ಅವರದ್ದು."

ಅವಳ ಬೆರಳು ತೋರಿಸಿದ ಕಡೆ, ಮಂಚದ ಮೇಲೆ ಒಬ್ಬ ಹಿರಿಯರು ಒರಗಿ ಕೂತಿದ್ದರು. ಬಲಗೈ ತೊಡೆಯ ಮೇಲೆ ಸುಮ್ಮನೆ ಬಿದ್ದಿತ್ತು. ಕಣ್ಣು ಮಾತ್ರ ಇವರಿಬ್ಬರ ಜಗಳವನ್ನು ಮಜವಾಗಿ ನೋಡುತ್ತಿತ್ತು.

ಅವರು ಅವಳ ಅಪ್ಪ. ಊರಿಗೆಲ್ಲ ಹಾಡು ಕಲಿಸಿದ ಸಂಗೀತ ಮೇಷ್ಟ್ರು. ಪಾರ್ಶ್ವವಾಯು ಬಡಿದ ಮೇಲೆ ಒಂದು ಮಾತಿಲ್ಲ, ಒಂದು ದನಿಯಿಲ್ಲ.

ಪಾಪ, ಹೊಸದಾಗಿ ಬಂದವನಿಗೆ ಇದೆಲ್ಲ ಏನು ಗೊತ್ತು! ಅವನು ದೊಡ್ಡ ಸಭಾಂಗಣಗಳಲ್ಲಿ ನುಡಿಸುವವನು. ಆಸ್ಪತ್ರೆ, ಆಶ್ರಮಗಳಲ್ಲಿ ನುಡಿಸುವ ಕಲಾವಿದರ ಬಳಗಕ್ಕೆ ಆಗತಾನೇ ಸೇರಿದ್ದ. ಮಾತು ಕಳೆದುಕೊಂಡವರ ಈ ವಾರ್ಡಿನಲ್ಲಿ ಅದು ಅವನ ಮೊದಲ ಮಧ್ಯಾಹ್ನ.

ಸಂಗೀತದಿಂದ ರೋಗಿಗಳಿಗೆ ಮಾತು ಮರಳಿಸಲು ನೋಡುವ ಅವಳ ಕೆಲಸದ ರೀತಿಯೇ ಬೇರೆ. ಎಲ್ಲರಿಗೂ ಗೊತ್ತಿರುವ ಹಾಡನ್ನು ಕೊಳಲಿನಲ್ಲಿ ನುಡಿಸುತ್ತಾಳೆ. ಕೊನೆಯ ಸಾಲು ಬಂದಾಗ ನಿಲ್ಲಿಸುತ್ತಾಳೆ. ಆಮೇಲೆ... ಕಾಯುತ್ತಾಳೆ. ನಾಲಿಗೆಗೆ ಸಿಗದ ಮಾತು ಎಷ್ಟೋ ಸಲ ಹಾಡಿನ ಬೆನ್ನು ಹತ್ತಿ ಹೊರಗೆ ಬಂದುಬಿಡುತ್ತದೆ. "ನೀರು ಬೇಕು" ಅನ್ನಲಾಗದ ಟೈಲರ್ ಅಜ್ಜಿ, ಹಾಡಿನ ಕೊನೆಯ ಪದವನ್ನು ಮಾತ್ರ ಪಕ್ಕದ ವಾರ್ಡಿಗೂ ಕೇಳುವಂತೆ ಹೇಳುತ್ತಿದ್ದರು!

ಅಪ್ಪನಿಗಾಗಿ ಅವಳು ಆರಿಸಿಕೊಂಡಿದ್ದು ಒಂದು ಲಾಲಿ. ಅವಳು ತೊಟ್ಟಿಲಲ್ಲಿದ್ದಾಗ ಅಪ್ಪನೇ ಕಟ್ಟಿದ್ದು. ನಾಲ್ಕೇ ಸಾಲು. ನಾಲ್ಕನೆಯದು ಈ ಜಗತ್ತಿನಲ್ಲಿ ಗೊತ್ತಿದ್ದದ್ದು ಇಬ್ಬರಿಗೆ ಮಾತ್ರ. ದಿನವೂ ಮೂರು ಸಾಲು ನುಡಿಸಿ ಅವಳು ಅಪ್ಪನ ತುಟಿ ನೋಡುತ್ತ ಕೂರುತ್ತಿದ್ದಳು.

ಅಂಥ ಜಾಗಕ್ಕೆ ಈ ಮಹಾಶಯ ಕಮಾನು ತೂರಿಸಿದ್ದ.

*

ಮಾರನೇ ದಿನ ಅವನು ಬರುವುದಿಲ್ಲ ಎಂದುಕೊಂಡಿದ್ದಳು. ಬಂದ!

"ಮತ್ತೆ ಪಿಟೀಲು ಕುಯ್ಯೋಕೆ ಬಂದ್ರಾ?" ಎಂದಳು ಬಿಗಿಯಾಗಿ.

"ಇಲ್ಲ, ಕಾಯೋದು ಕಲಿಯೋಕೆ ಬಂದೆ."

ಅವನು ಕಲಿತದ್ದನ್ನು ನೋಡಬೇಕಿತ್ತು! ಅವಳು ಹಾಡು ನಿಲ್ಲಿಸಿದಾಗಲೆಲ್ಲ ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕೂರುತ್ತಿದ್ದ. ಮುಖ ಕೆಂಪಾಗುತ್ತಿತ್ತು. ಸೀನು ತಡೆದುಕೊಂಡವರ ಹಾಗೆ ಕಾಣುತ್ತಿದ್ದ. ಅದನ್ನು ನೋಡಿ ಟೈಲರ್ ಅಜ್ಜಿಗೆ ನಗು ಉಕ್ಕಿ ಕೆಮ್ಮು ಬರುತ್ತಿತ್ತು.

ಆ ಮಧ್ಯಾಹ್ನಗಳು ಹೇಗೆ ಸರಿದವೋ! ಬಿಳಿಯ ಪರದೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ಉದ್ದದ ಕಾರಿಡಾರಿನಲ್ಲಿ ಬಿಸಿಲು ಚೌಕ ಚೌಕವಾಗಿ ಬಿದ್ದಿರುತ್ತಿತ್ತು. ಅವನು ಮೆಲ್ಲಗೆ ಶ್ರುತಿ ಹಿಡಿದರೆ, ಅವಳ ಕೊಳಲು ಅದರ ಮೇಲೆ ತೇಲಿ ಹೋಗುತ್ತಿತ್ತು. ಇಡೀ ವಾರ್ಡು ಎಲ್ಲೋ ದೂರ, ನೋವಿಲ್ಲದ ಒಂದು ಕಡೆಗೆ ನಿಧಾನವಾಗಿ ಹೊರಟಂತೆ ಅವಳಿಗೆ ಅನ್ನಿಸುತ್ತಿತ್ತು.

ಮುಗಿದ ಮೇಲೆ ಕಾರಿಡಾರಿನ ಬೆಂಚಿನಲ್ಲಿ ಇಬ್ಬರೂ ಚಹಾ ಕುಡಿಯುತ್ತಿದ್ದರು.

"ಭಾನುವಾರ ಏನ್ಮಾಡ್ತೀರಿ?" ಅವಳು ಒಮ್ಮೆ ಕೇಳಿದಳು.

"ರಕ್ತದಾನ ಕೇಂದ್ರದಲ್ಲಿ ನುಡಿಸ್ತೀನಿ. ಸೂಜಿ ಅಂದ್ರೆ ಹೆದರೋರಿಗೆ ಸ್ವಲ್ಪ ಧೈರ್ಯ ಬರ್ಲಿ ಅಂತ. ಒಂದ್ಸಲ ಉತ್ಸಾಹ ಹೆಚ್ಚಾಗಿ ಜೋರಾಗಿ ನುಡಿಸ್ಬಿಟ್ಟೆ... ಡಾಕ್ಟರ್ ಬಂದು 'ಸ್ವಾಮಿ, ನಮಗೇ ಕೈ ನಡುಗ್ತಿದೆ, ನಿಧಾನ!' ಅಂದ್ರು."

ಅವಳು ಬಾಯಿ ತುಂಬ ನಕ್ಕಳು. ಎಷ್ಟು ಕಾಲವಾಗಿತ್ತು ಹಾಗೆ ನಕ್ಕು!

"ನೀವು ಹಾಡ್ತೀರಂತೆ? ವಾರ್ಡಿನ ಸಿಸ್ಟರ್ ಹೇಳಿದ್ರು," ಎಂದ ಅವನು.

ನಗು ನಿಂತಿತು. "ಹಾಡ್ತಿದ್ದೆ. ಅಪ್ಪನ ಜೊತೆ. ಅಪ್ಪನ ದನಿ ಬರೋವರೆಗೂ ನಾನು ಹಾಡಲ್ಲ."

ಅವನು ಸಮಾಧಾನದ ಮಾತು ಹೇಳಲಿಲ್ಲ. ಅದಕ್ಕೇ ಅವಳಿಗೆ ಅವನು ಇಷ್ಟವಾದ. ಅವನ ಭುಜ ತನ್ನ ಭುಜಕ್ಕೆ ಎಷ್ಟು ಹತ್ತಿರವಿದೆ ಎಂದು ಗೊತ್ತಾಗಿ ಚೂರು ಸರಿದು ಕೂತಳು.

'ಬೇಡ... ಈಗ ಬೇಡ. ಅಪ್ಪ ಹೀಗಿರುವಾಗ ನನ್ನ ಸಂತೋಷ ನಾನು ನೋಡಿಕೊಂಡರೆ...' ಮನಸ್ಸು ಗದರಿತು.

ಅವನು ಖಾಲಿ ಲೋಟ ತಿರುಗಿಸುತ್ತ ಮೆಲ್ಲಗೆ ಹೇಳಿದ. "ನಂಗೆ ನಿಮ್ಮ ಜೊತೆ..."

ಅಷ್ಟೇ. ನಿಲ್ಲಿಸಿಬಿಟ್ಟ.

"ಜೊತೆ?"

"ನೀವೇ ಕಲಿಸಿದ್ದಲ್ವಾ? ಉಳಿದಿದ್ದು ನಿಮ್ದು."

ಅವಳು ಗಾಬರಿಯಾಗಿ ಎದ್ದು ನಿಂತಳು. "ಅಪ್ಪ ಹಾಡೋವರೆಗೂ ನನ್ನ ಹತ್ರ ಏನೂ ಕೇಳ್ಬೇಡಿ. ಪ್ಲೀಸ್."

"ಕೇಳಲ್ಲ," ಎಂದ ಅವನು. "ಕಾಯ್ತೀನಿ."

*

ಒಂದು ದಿನ ಅವಳ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು.

ಕೊಳಲಿನ ಚೀಲವನ್ನು ಎದೆಗೆ ಅವುಚಿಕೊಂಡು ಓಡಿದಳು. ಏದುಸಿರು ಬಿಡುತ್ತ ಕಾರಿಡಾರಿಗೆ ಬಂದಾಗ...

ಒಂದು ದನಿ!

ಒರಟಾಗಿತ್ತು. ಒಡೆದಿತ್ತು. ಆದರೂ ಅದು ಅಪ್ಪನದೇ! ಲಾಲಿಯ ಮೊದಲ ಸಾಲು!

ಅಪ್ಪಾ... ಅಪ್ಪಾ! ಹೇಗೋ ಬಾಗಿಲು ತಲುಪಿದಳು. ಅವಳನ್ನು ಕಂಡದ್ದೇ ಅಪ್ಪ ಹಾಡು ನಿಲ್ಲಿಸಿದರು. ಕಣ್ಣಲ್ಲಿ ನೀರು ತುಂಬಿತ್ತು.

ಅವರ ಪಕ್ಕದಲ್ಲಿ ಅವನು ಕೂತಿದ್ದ. ತೊಡೆಯ ಮೇಲೆ ಪಿಟೀಲು, ಕೈಯಲ್ಲಿ ಕಮಾನು.

ಸಂತೋಷ ಬರಬೇಕಾದ ಜಾಗಕ್ಕೆ ಸಂಕಟ ನುಗ್ಗಿತು. ಇಷ್ಟು ಕಾಲ ಕಾದವಳು ತಾನು. ಆ ಮೊದಲ ದನಿಯನ್ನು ಕೇಳಿಸಿಕೊಂಡವನು ಇವನು!

"ನೀವು ನುಡಿಸಿದ್ರಿ ಅಲ್ವಾ?"

ಅವನು ಬಾಯಿ ತೆರೆದ. ಮೇಷ್ಟ್ರ ಮುಖ ನೋಡಿದ. ಈ ಹೊತ್ತು ಅಪ್ಪ ಮಗಳದ್ದು, ಇಲ್ಲಿ ನನ್ನ ವಾದ ಯಾಕೆ ಎಂದುಕೊಂಡನೇನೋ. "ಮೇಷ್ಟ್ರು ಹಾಡಿದ್ರಲ್ಲ... ಅದೇ ಮುಖ್ಯ ಅಲ್ವಾ?" ಎಂದಷ್ಟೇ ಹೇಳಿದ.

"ಆವತ್ತೂ ಹೀಗೇ ಮಾಡಿದ್ರಿ, ಇವತ್ತೂ ಹೀಗೇ ಮಾಡಿದ್ರಿ! ನಿಮಗೆ ಖಾಲಿ ಜಾಗ ಕಂಡ್ರೆ ತುಂಬಿಸ್ಲೇಬೇಕು. ಅದು ಯಾರದ್ದು ಅಂತ ನೋಡಲ್ಲ. ಇನ್ಮೇಲೆ ಬರ್ಬೇಡಿ."

ಅವನು ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟ. ಮೇಷ್ಟ್ರ ಎಡಗೈಯನ್ನು ಒಮ್ಮೆ ಒತ್ತಿ ಹೊರಟುಹೋದ.

ಅವಳು ಒದ್ದೆ ಕಣ್ಣಲ್ಲೇ ಕೊಳಲು ತೆಗೆದು ಮೂರು ಸಾಲು ನುಡಿಸಿದಳು. ಕಾದಳು.

ಅಪ್ಪ ಗೋಡೆಯ ಕಡೆ ಮುಖ ತಿರುಗಿಸಿಕೊಂಡರು.

ಮರುದಿನವೂ ಹಾಗೇ. ಅದರ ಮರುದಿನವೂ ಹಾಗೇ. ಪಕ್ಕದ ಖಾಲಿ ಕುರ್ಚಿಯನ್ನು ನೋಡುವುದು, ಗೋಡೆಗೆ ತಿರುಗುವುದು. ಮುದುಕರ ಮುನಿಸು ಮಕ್ಕಳ ಮುನಿಸಿಗಿಂತ ಗಟ್ಟಿ! ಅವಳೂ ಆ ಕುರ್ಚಿಯನ್ನು ನೋಡದಿರಲು ಎಷ್ಟು ಪ್ರಯತ್ನಿಸಿದರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು.

*

ಭಾನುವಾರ ಬೆಳಿಗ್ಗೆ ಸಿಸ್ಟರ್ ರಜೆ ಮುಗಿಸಿ ಬಂದರು. ಅಪ್ಪ ಹಾಡಿದ ದಿನ ಸಂಜೆಯೇ ಅವರು ತಂಗಿಯ ಬಾಣಂತನಕ್ಕೆಂದು ಹೊರಟಿದ್ದರು.

"ಪಿಟೀಲು ಸಾರ್ ಎಲ್ಲಿ ಕಣಮ್ಮಾ? ಕುರ್ಚಿ ಖಾಲಿ ಇದೆ?"

"ನಾನೇ ಬರ್ಬೇಡಿ ಅಂದೆ, ಸಿಸ್ಟರ್. ನಾನಿಲ್ಲದಾಗ ಅಪ್ಪನ ಲಾಲಿ ನುಡಿಸಿದ್ರು."

"ಅವರಾ? ನುಡಿಸಿದ್ರಾ?" ಸಿಸ್ಟರ್ ಸೊಂಟಕ್ಕೆ ಕೈಯಿಟ್ಟು ನಿಂತರು. "ನಿನ್ನ ತಲೆ! ಅಜ್ಜಿಗೆ ಅಂತ ಬೇರೆ ಏನೋ ನುಡಿಸಿ ಮುಗ್ಸಿದ್ರು. ನೀನು ಬರೋ ಹೊತ್ತಾಯ್ತು. ಮೇಷ್ಟ್ರು ಬಾಗಿಲು ನೋಡ್ತಾ ಚಡಪಡಿಸ್ತಿದ್ರು. ನಾನೇ ಹೇಳ್ದೆ, ಸಾರ್, ಆ ಲಾಲಿ ನೀವೇ ಒಂದ್ಸಲ ನುಡಿಸ್ಬಿಡಿ ಅಂತ. 'ಬೇಡ ಸಿಸ್ಟರ್, ಅದು ಅವರದ್ದು' ಅಂದ್ರು. ಕಮಾನು ಎತ್ತಲೇ ಇಲ್ಲ ಕಣೇ!"

"ಮತ್ತೆ ಅಪ್ಪ...?"

"ನೀನು ಬರ್ಲಿಲ್ಲ, ಯಾರೂ ಶುರು ಮಾಡ್ಲಿಲ್ಲ. ಅದಕ್ಕೆ ಮೇಷ್ಟ್ರೇ ಶುರು ಮಾಡಿದ್ರು. ನಿನ್ನ ಕರೆದ್ರು ಅಂತ ಕಾಣುತ್ತೆ."

ಅವಳು ಮಂಚದ ಅಂಚಿನಲ್ಲಿ ಕುಸಿದು ಕೂತಳು.

"ಅಪ್ಪಾ... ನಾನು ನಾಲ್ಕನೇ ಸಾಲು ಬಿಡ್ತಿದ್ದೆ. ನೀವು ಮೊದಲನೇದು ಯಾಕೆ ಹಾಡಿದ್ರಿ?"

ಅಪ್ಪ ಗೋಡೆಯಿಂದ ಇತ್ತ ತಿರುಗಿದರು. ಎಡಗೈಯಿಂದ ತಮ್ಮ ಎದೆಯನ್ನು ತಟ್ಟಿಕೊಂಡರು. ಒಮ್ಮೆ, ಮತ್ತೊಮ್ಮೆ. ಆಮೇಲೆ ತೋರುಬೆರಳಿಂದ ಗಾಳಿಯಲ್ಲಿ ಒಂದು ದುಂಡನೆಯ ಸುತ್ತು ಬರೆದರು.

ಅವಳಿಗೆ ಥಟ್ಟನೆ ಹೊಳೆಯಿತು.

ಲಾಲಿಯ ನಾಲ್ಕನೇ ಸಾಲು ಕೆಳಗಿಳಿದು ಮುಗಿಯುವುದಿಲ್ಲ. ಮೇಲಕ್ಕೆ ಹೋಗಿ ಮತ್ತೆ ಮೊದಲ ಸಾಲಿಗೇ ಕರೆತರುತ್ತದೆ, ಮಗು ನಿದ್ದೆ ಹೋಗುವವರೆಗೂ ಸುತ್ತುತ್ತಲೇ ಇರಲೆಂದು. ಹಾಗಾದರೆ ಅಪ್ಪ ನಾಲ್ಕನೆಯದನ್ನು ಹಾಡಿದ್ದರು! ಪ್ರತಿದಿನ, ಅವಳು ಕಾಯುತ್ತಿದ್ದ ಆ ಮೌನದಲ್ಲಿ, ಒಳಗೊಳಗೇ! ದನಿ ಹೊರಗೆ ಬರುವ ಹೊತ್ತಿಗೆ ಹಾಡು ಸುತ್ತಿ ಮೊದಲ ಸಾಲಿಗೆ ಬಂದಿತ್ತು, ಅಷ್ಟೇ.

"ಕೇಳಿಸ್ತಾ ಇರ್ಲಿಲ್ಲ ಅಪ್ಪಾ... ನಂಗೆ ಕೇಳಿಸ್ತಾ ಇರ್ಲಿಲ್ಲ!" ಅಪ್ಪನ ಕೈಯಲ್ಲಿ ಮುಖವಿಟ್ಟು ಅತ್ತಳು.

ಸ್ವಲ್ಪ ಹೊತ್ತಿಗೆ ಅಪ್ಪ ಆ ಕೈಯನ್ನು ಬಿಡಿಸಿಕೊಂಡರು. ಜೀವವಿಲ್ಲದ ಬಲತೋಳಿನ ಮೇಲೆ ಎಡಗೈಯನ್ನು ಅಡ್ಡಲಾಗಿ ಎಳೆದರು. ಅತ್ತ... ಇತ್ತ... ಪಿಟೀಲಿನ ಕಮಾನು ಆಡಿಸಿದ ಹಾಗೆ. ನಂತರ ಬಾಗಿಲ ಕಡೆ ಕೈ ತೋರಿಸಿದರು. ತುಟಿ ಅದುರಿತು.

"ಹೋ... ಗು."

ಹಾಡಿನ ಹೊರಗೆ ಅದು ಅವರ ಮೊದಲ ಮಾತು!

ಟೈಲರ್ ಅಜ್ಜಿ ಅತ್ತಲಿಂದ ಜೋರಾಗಿ ಚಪ್ಪಾಳೆ ತಟ್ಟಿದರು.

*

ರಕ್ತದಾನ ಕೇಂದ್ರದ ಕೋಣೆಯಲ್ಲಿ ಸ್ಪಿರಿಟ್ಟಿನ ವಾಸನೆ, ಬೆಳಗಿನ ಬಿಸಿಲು, ಮತ್ತು ಅವನ ಪಿಟೀಲು. ಅವನು ಕಿಟಕಿಗೆ ಮುಖ ಮಾಡಿ ಕೂತಿದ್ದ. ಬಾಗಿಲಿಗೆ ಅವನ ಬೆನ್ನು.

ಅವಳಿಗೆ ಕರೆಯಲು ಬಾಯಿ ಬರಲಿಲ್ಲ. ಏನು ಮಾಡುವುದೆಂದು ತೋಚದೆ, "ರಕ್ತ ಕೊಡೋಕೆ ಬಂದೆ," ಎಂದು ನರ್ಸಿಗೆ ಪಿಸುಗುಟ್ಟಿ ಖಾಲಿ ಮಂಚದ ಮೇಲೆ ಮಲಗಿಯೇಬಿಟ್ಟಳು! ಪರೀಕ್ಷೆಗಳೆಲ್ಲ ಮುಗಿದವು. ತೋಳಿಗೆ ಪಟ್ಟಿ ಬಿಗಿದರು, ಅಂಗೈಯಲ್ಲಿ ಮೆತ್ತನೆ ಚೆಂಡು ಇಟ್ಟರು.

"ಒತ್ತುತ್ತಾ ಇರಿ. ಭಯ ಆದ್ರೆ ಸಂಗೀತ ಕೇಳಿ," ಎಂದಳು ನರ್ಸ್.

ಸೂಜಿಗೆ ಅವಳು ಹೆದರಲಿಲ್ಲ. ಅವಳ ಭಯವೇ ಬೇರೆ. ಒಂದು ಕೈ ಸೂಜಿಗೆ ಸಿಕ್ಕಿಕೊಂಡಿತ್ತು, ಕೊಳಲು ಚೀಲದಲ್ಲಿತ್ತು. ಅವಳ ಬಳಿ ಈಗ ಉಳಿದಿದ್ದು ದನಿಯೊಂದೇ.

ಅವನ ಹಾಡು ಮುಗಿಯಿತು. ಆ ಮೌನದಲ್ಲಿ ಅವಳು ಕಣ್ಣು ಮುಚ್ಚಿ, ಎಷ್ಟೋ ಕಾಲದ ನಂತರ, ಹಾಡಿದಳು.

ಮೊದಲ ಸಾಲು.

ಅವನ ಬೆನ್ನು ಸೆಟೆಯಿತು. ಮೆಲ್ಲಗೆ ತಿರುಗಿದ.

ಎರಡನೇ ಸಾಲು. ಮೂರನೇ ಸಾಲು.

ನಿಲ್ಲಿಸಿದಳು. ಕಣ್ಣು ಬಿಟ್ಟಳು. ಅವನು ಪಿಟೀಲನ್ನು ಕೆಳಗಿಟ್ಟು, ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತಿದ್ದ. ಅದೇ ಕೆಂಪು ಮುಖ.

"ತುಂಬಿಸಲ್ವಾ?" ಅವಳು ನಗುತ್ತಲೇ ಕಣ್ಣೊರೆಸಿಕೊಂಡಳು.

"ನಂದಲ್ಲ ಅದು. ಗೊತ್ತೂ ಇಲ್ಲ."

"ಆವತ್ತೇ ಯಾಕೆ ಹೇಳ್ಲಿಲ್ಲ, ನಾನು ನುಡಿಸಿಲ್ಲ ಅಂತ? ನನ್ನ ಬಾಯಿ ಮುಚ್ಚಿಸ್ಬೇಕಿತ್ತು ನೀವು!"

"ಮೇಷ್ಟ್ರ ದನಿ ಬಂದ ಹೊತ್ತಲ್ಲಿ ನಮ್ಮ ಜಗಳ ಕೇಳಿಸೋದು ಬೇಡ ಅನ್ನಿಸ್ತು. ಆಮೇಲೆ... ನೀವೇ ಬರ್ತೀರಾ ಅಂತ ಕಾಯ್ತಿದ್ದೆ."

"ನನ್ನ ಕ್ಷಮಿಸಿ..."

"ಮೊದ್ಲು ಹಾಡು ಮುಗ್ಸಿ. ಪ್ರಾಣ ಹೋಗ್ತಿದೆ ನಂಗೆ!"

ಪಕ್ಕದ ಮಂಚದಲ್ಲಿ ರಕ್ತ ಕೊಡುತ್ತಿದ್ದವರು ಕಿಸಕ್ಕನೆ ನಕ್ಕರು.

ಅವಳು ನಾಲ್ಕನೇ ಸಾಲು ಹಾಡಿದಳು. ಅದು ಮೇಲಕ್ಕೆ ಹೋಯಿತು, ಬಿಸಿಲಿನಲ್ಲಿ ಒಂದು ಕ್ಷಣ ಹಾಗೇ ನಿಂತಿತು, ಇಳಿಯಲೇ ಇಲ್ಲ. ಅಪ್ಪ ಅವಳಿಗಾಗಿ ಕಟ್ಟಿದ್ದು ಎಂದು ತಿಳಿದು ಆ ಸಾಲನ್ನು ಕೇಳಿಸಿಕೊಂಡ ಮೂರನೆಯ ಜೀವ ಅವನು.

ಅವನ ಕಣ್ಣು ಒದ್ದೆಯಾಗಿತ್ತು. "ಇದು ಮುಗಿಯೋದೇ ಇಲ್ವಲ್ಲ..."

"ಇಲ್ಲ. ಮತ್ತೆ ಮೊದಲಿಗೇ ಬರುತ್ತೆ." ಅವಳು ಅಂಗೈಯ ಚೆಂಡನ್ನು ಬಿಗಿಯಾಗಿ ಹಿಡಿದಳು. "ಆವತ್ತು ಬೆಂಚಲ್ಲಿ ನೀವು ಅರ್ಧಕ್ಕೆ ಬಿಟ್ರಲ್ಲ... 'ನಂಗೆ ನಿಮ್ಮ ಜೊತೆ' ಅಂತ. ಅದು ನನ್ನೊಳಗೆ ಆವತ್ತೇ ಪೂರ್ತಿ ಆಗಿತ್ತು. ನಿಮಗೆ ಕೇಳಿಸ್ಲಿಲ್ಲ, ಅಷ್ಟೇ."

ಅವನು ಮಂಚದ ಪಕ್ಕ ಬಂದು ಮಂಡಿಯೂರಿ ಕೂತ. "ಈಗ ಕೇಳಿಸೋ ಹಾಗೆ ಹೇಳ್ತೀರಾ?"

"ನಂಗೂ ನಿಮ್ಮ ಜೊತೆ ಬದುಕ್ಬೇಕು."

ಅವನು ಅವಳ ಇನ್ನೊಂದು ಕೈಯನ್ನು ತನ್ನ ಕೆನ್ನೆಗೆ ಒತ್ತಿಕೊಂಡ. ನರ್ಸ್ ಬಂದು, "ಚೆಂಡು ಒತ್ತಿ ಅಂದ್ರೆ ಕೈ ಹಿಡ್ಕೊಂಡು ಕೂತಿದ್ದೀರಲ್ಲ!" ಎಂದು ಗದರಿದರೂ ಬಿಡಲಿಲ್ಲ.

"ಮುಂದೇನು?" ಎಂದ ಮೆಲ್ಲಗೆ.

"ಅಪ್ಪ ಕಾಯ್ತಿದ್ದಾರೆ. ಪಿಟೀಲು ತಗೊಳ್ಳಿ..." ಎಂದು ಅವಳು ನಕ್ಕಳು. "ಮೊದಲನೇ ಸಾಲಿಂದ ಶುರು ಮಾಡೋಣ."