ಕ್ಷಮೆಗೆ ಕಾದಿದ್ದ ಕೋಳಿ

"ಗಾಡಿ ನಿಲ್ಸು! ಇಲ್ಲಾಂದ್ರೆ ಗುಂಡು ಹಾರಿಸ್ತೀವಿ!"

ಹಿಂದಿನ ಕಪ್ಪು ಕಾರಿನ ಮೈಕು ಹೀಗೆ ಅರಚಿದಾಗ ನಾನು ವಾಷಿಂಗ್ಟನ್ನಿನ ಪೊಟೊಮ್ಯಾಕ್ ನದಿಯ ಸೇತುವೆಯ ಮೇಲಿದ್ದೆ. ಹಿಂದಿನ ಸೀಟಿನಲ್ಲಿ ವಿಲ್ಮಾ ಟಾಲಿವರ್. ಅವಳ ತೊಡೆಯ ಮೇಲೆ ದೊಡ್ಡದೊಂದು ಟರ್ಕಿ ಕೋಳಿ!

ನಗಬೇಡಿ. ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಊರೆಲ್ಲ ಟರ್ಕಿ ಬೇಯಿಸುವಾಗ ನಮ್ಮ ಅಧ್ಯಕ್ಷರು ಟೀವಿಯ ಮುಂದೆ ಒಂದಕ್ಕೆ ಕ್ಷಮಾದಾನ ಕೊಡುತ್ತಾರೆ. ಹಿಂದಿನ ದಿನ ಅದಕ್ಕೆ ದೊಡ್ಡ ಹೋಟೆಲಿನಲ್ಲಿ ರೂಮು! ಈ ಸಲ ಕ್ಷಮಾದಾನದ ದಿನ ಬೆಳಿಗ್ಗೆ ಆ ರೂಮು ಖಾಲಿ. ಅಧ್ಯಕ್ಷರ ಸಹಾಯಕ ಬ್ರೆಂಟ್ ಹಾಲೊವೇ ನನಗೆ ಫೋನ್ ಮಾಡಿದ. ಮಾನ ಹೋಗುವಂಥ ಕೆಲಸಕ್ಕೆಲ್ಲ ಅವನಿಗೆ ನೆನಪಾಗುವುದು ನಾನೇ.

"ಬದಲಿ ಕೋಳಿ ಇರುತ್ತಲ್ಲೋ?"

"ಹೊಟ್ಟೆ ಕೆಟ್ಟು ಮಲಗಿದೆ. ನೋಡ್ಕೊಳ್ಳೋನು ಅದಕ್ಕೆ ಚೀಸ್‌ಬರ್ಗರ್ ತಿನ್ಸಿದಾನೆ. ಇನ್ನೊಂದು ಬರ್ಗರ್ ತರೋಕೆ ಹೋದಾಗ್ಲೇ ಕಳ್ಳತನ ಆಗಿದ್ದು!"

"ಮೊದ್ಲು ಕೋಳಿ ನೋಡ್ಕೋತಿದ್ದ ಡಾಕ್ಟ್ರು ಎಲ್ಲಿ?"

"ಕೆಲಸದಿಂದ ತೆಗೆದ್ವಿ. ಇವನು ಅಧ್ಯಕ್ಷರ ಗಾಲ್ಫ್ ಗೆಳೆಯನ ಅಳಿಯ."

ಹೀಗಿತ್ತು ನಮ್ಮ ಸರ್ಕಾರ!

ಹೋಟೆಲಿನ ಹಿಂಬಾಗಿಲಿನಿಂದ ಬಿಳಿ ಗರಿಗಳು ಉದುರಿದ್ದವು. ಗರಿಗಳ ಹಿಂದೆಯೇ ಹೋದೆ. ಸ್ಟಾರ್ಟ್ ಆಗದ ಕಾರಿನಲ್ಲಿ ಕೋಳಿಯನ್ನು ತಬ್ಬಿಕೊಂಡು ವಿಲ್ಮಾ ಅಳುತ್ತಿದ್ದಳು.

ಅವಳು ಹವಾಮಾನ ತಜ್ಞೆ. ಚಂಡಮಾರುತ ಕರಾವಳಿಗೆ ಬರುವುದಿಲ್ಲ ಎಂದು ಅಧ್ಯಕ್ಷರು ಸಾರಿದ್ದರು. ಬರುತ್ತದೆ ಎಂದು ಇವಳು ರೇಡಿಯೋದಲ್ಲಿ ಹೇಳಿಬಿಟ್ಟಳು. ಬಂತು! ಜನ ಮೊದಲೇ ಊರು ಬಿಟ್ಟು ಬದುಕಿಕೊಂಡರು. ಇವಳ ಮೇಲೆ ಮಾತ್ರ ಸರ್ಕಾರದ ಗುಟ್ಟು ಹೊರಹಾಕಿದ ಕೇಸು. ಸೋಮವಾರದಿಂದ ಜೈಲು...

"ಕೋಳಿಗೆ ಕ್ಷಮೆ ಇದೆ. ನಂಗಿಲ್ವಾ?" ಎಂದಳು.

ನನ್ನ ಮೈ ಉರಿದುಹೋಯಿತು. ಇಬ್ಬರನ್ನೂ ನನ್ನ ಕಾರಿಗೆ ಹತ್ತಿಸಿಕೊಂಡೆ. ಬ್ರೆಂಟ್ ನನ್ನ ಹಿಂದೆಯೂ ಜನ ಬಿಟ್ಟಿದ್ದಾನೆಂದು ತಿಳಿದದ್ದು ಸೇತುವೆಗೆ ಬಂದ ಮೇಲೆ.

ಢಮಾರ್!

ಪಕ್ಕದ ಕನ್ನಡಿ ಚೂರಾಯಿತು. ಕೋಳಿ ಕಿರುಚಿತು. ವಿಲ್ಮಾ ಕೂಡ.

ಬ್ರೆಂಟ್‌ಗೆ ಫೋನ್ ಹಚ್ಚಿದೆ.

"ಇನ್ನೊಂದು ಗುಂಡು ಬಿದ್ರೆ ಈ ಕೋಳಿಗೆ ಮಸಾಲೆ ಹಚ್ತೀನಿ!"

"ಏಯ್ ಹುಚ್ಚಾ! ಕ್ಯಾಮೆರಾದವ್ರೆಲ್ಲ ಬಂದು ಕೂತಿದಾರೆ! ಏನ್ ಬೇಕೋ ನಿಂಗೆ?"

"ವಿಲ್ಮಾಗೆ ಕ್ಷಮೆ."

"ಸಾಧ್ಯಾನೇ ಇಲ್ಲ! ಅಧ್ಯಕ್ಷರ ಮಾತು ಸುಳ್ಳು ಮಾಡಿದೋಳು ಅವಳು!"

"ಬ್ಯಾಂಕ್ ನುಂಗಿದೋನಿಗೆ ಕೊಟ್ರಿ. ಕಳಪೆ ಔಷಧಿ ಮಾರಿದೋನಿಗೆ ಕೊಟ್ರಿ. ಇವತ್ತೂ ಗೆಳೆಯರ ಕ್ಷಮಾಪತ್ರಗಳದ್ದೊಂದು ಕಂತೆ ಸಹಿಗೆ ಇದೆ ತಾನೆ? ಅದರೊಳಗೆ ಇವಳದ್ದೂ ತುರುಕು. ಕೋಳಿ ಕದ್ದಿದ್ದನ್ನೂ ಸೇರಿಸು!"

"ಅವರು ಓದಿದ್ರೆ?"

"ಓದ್ತಾರಾ?"



"ಇಲ್ಲ," ಎಂದ.

ಕಪ್ಪು ಕಾರು ಹಿಂದೆ ಸರಿಯಿತು. ಅಧ್ಯಕ್ಷರ ಭವನದ ಹಿಂಬದಿಯ ಗೇಟಿನಲ್ಲಿ ಬ್ರೆಂಟ್ ಬೆವರುತ್ತಾ ನಿಂತಿದ್ದ. ಸಹಿ ಹಾಕಿದ ಹಾಳೆ ವಿಲ್ಮಾಳ ಕೈಗೆ ಬಂದ ಮೇಲೆಯೇ ನಾನು ಕೋಳಿ ಕೊಟ್ಟದ್ದು. ಅವಳು ಅದನ್ನು ಓದಿದಳು, ಮತ್ತೆ ಓದಿದಳು. ಆಮೇಲೆ ರಸ್ತೆಯಲ್ಲೇ ಕುಳಿತು ಗೊಳೋ ಎಂದು ಅತ್ತಳು.

ಹುಲ್ಲುಹಾಸಿನ ಮೇಲೆ ಅಧ್ಯಕ್ಷರು ಕೋಳಿಯ ತಲೆಯ ಮೇಲೆ ಕೈಯಿಟ್ಟು, "ನಮ್ಮ ಸರ್ಕಾರದಲ್ಲಿ ಎಲ್ಲರಿಗೂ ನ್ಯಾಯ ಸಿಗುತ್ತೆ!" ಎಂದರು. ಕೋಳಿ ಅವರ ಬೂಟಿನ ಮೇಲೆ ಹಿಕ್ಕೆ ಹಾಕಿತು.

ಆ ದಿನ ಕ್ಷಮೆ ಪಡೆದವರಲ್ಲಿ ನಿರಪರಾಧಿಗಳು ಇಬ್ಬರೇ. ಅವರಲ್ಲೂ ಒಬ್ಬಳು ಕೋಳಿ ಕಳ್ಳಿ!