ಲೀಕ್ ಎಲೆಯ ನೀಲಿ ಮುದ್ರೆ

ಎನಿಡ್ ಟೀಚರು ತೋಟಗಾರರ ಸಂಘದ ಅಡುಗೆಮನೆಯಲ್ಲಿ ಚಹಾ ಬಟ್ಟಲು ತೊಳೆಯುತ್ತಿದ್ದರು. ಸೋಪು ಕೈಯಲ್ಲೇ ಇತ್ತು, ಹಾಲ್‌ನಿಂದ ಕೂಗು ಕೇಳಿಸಿತು.

ಪ್ರದರ್ಶನದ ಮೇಜಿನ ಮೇಲೆ ರಟ್ಟರ್‌ನ ಜೋಡಿ ಲೀಕ್‌ಗಳನ್ನು ರಾತ್ರಿ ಯಾರೋ ಕೊಚ್ಚಿ ಹಾಕಿದ್ದರು. ಈರುಳ್ಳಿಯ ದಾಯಾದಿಯಾದ ಈ ಗಿಡವನ್ನು ತೋಳಿನಷ್ಟು ದಪ್ಪ ಬೆಳೆಸಿ ಪಂದ್ಯಕ್ಕಿಡುವುದು ನಾರ್ತಂಬರ್ಲೆಂಡಿನ ಗಣಿ ಊರುಗಳ ಹುಚ್ಚು. ರಟ್ಟರ್ ಸಂಘದ ಅಧ್ಯಕ್ಷ ಬೇರೆ.

"ಮಗೂ ಥರ ಸಾಕಿದ್ದೆ ಕಣ್ರೀ! ಹಾಲ್ ಬೀಗ ಮುರಿದಿಲ್ಲ. ಕೀಲಿ ನನ್ನ ಹತ್ರ ಒಂದು, ಆ ಹೆಂಗಸಿನ ಹತ್ರ ಒಂದು," ಎಂದು ಕೂಗಾಡಿದ.

ಆ ಹೆಂಗಸು ಎರಿಟ್ರಿಯಾದ ತ್ಸೆಗಾ. ಹಾಲ್ ಗುಡಿಸುತ್ತಾಳೆ, ಎನಿಡ್ ಬಳಿ ಇಂಗ್ಲಿಷ್ ಕಲಿಯುತ್ತಾಳೆ. ಈಗ ಪೊರಕೆ ಹಿಡಿದು ಗೋಡೆಗೆ ಒರಗಿದ್ದಳು. ವೃದ್ಧಾಶ್ರಮದಲ್ಲಿ ಅವಳಿಗೆ ಒಳ್ಳೆಯ ಕೆಲಸ ಕಾಯುತ್ತಿತ್ತು. ಶಿಫಾರಸು ಪತ್ರವನ್ನು ಎನಿಡ್ ಬರೆದಿಟ್ಟಿದ್ದರು. ರಟ್ಟರ್ ಸಹಿಯೊಂದು ಬಾಕಿ. "ಈಗ ಹಾಕ್ತೀನಿ" ಎನ್ನುತ್ತ ಚಳಿಗಾಲದಿಂದ ಸತಾಯಿಸುತ್ತಿದ್ದ. ಪೊಲೀಸ್ ಕೇಸಾದರೆ ಆ ಕೆಲಸ ಹೋದ ಹಾಗೆಯೇ.

*

ಪೊಲೀಸ್ ಸಾರ್ಜೆಂಟ್ ಹೆಪಲ್ ಬಂದು ಹಾಲಿನ ಗೋಡೆಯ ಕಪ್ಪುಹಲಗೆಯ ಮುಂದೆ ನಿಂತ. ಎನಿಡ್ ಮಾಡಿದ್ದ ನಿನ್ನೆಯ ಇಂಗ್ಲಿಷ್ ಪಾಠ ಹಾಗೇ ಇತ್ತು, ‘ಈಗ’ ಎನ್ನಲು ಬಳಸುವ ಮಾತುಗಳು: ನೌ, ಸ್ಟಿಲ್, ದೀಸ್ ಡೇಸ್, ಅಟ್ ದ ಮೊಮೆಂಟ್. ಕೆಳಗೆ ತ್ಸೆಗಾಳ ವಾಕ್ಯ: ‘ಐ ಸ್ಟಿಲ್ ಹ್ಯಾವ್ ದ ಕೀ.’ ಕೀಲಿ ಇನ್ನೂ ನನ್ನ ಬಳಿ ಇದೆ.

"ತಪ್ಪೊಪ್ಪಿಗೆ ಬರೆದೇ ಇಟ್ಟಿದ್ದಾಳೆ!" ಎಂದ ರಟ್ಟರ್.

ಎನಿಡ್‌ಗೆ ರೇಗಿತು. "ಪಾಠ ಕಣಯ್ಯಾ ಅದು! ‘ಸ್ಟಿಲ್’ ಕ್ರಿಯಾಪದದ ಮುಂಚೆ ಕೂರುತ್ತೆ, ‘ದೀಸ್ ಡೇಸ್’ ವಾಕ್ಯದ ಮೊದಲಿಗೋ ಕೊನೆಗೋ ಬರುತ್ತೆ ಅಂತ ಹೇಳ್ಕೊಟ್ಟೆ. ನಿಮ್ಮ ಇವತ್ತಿನ ಬದುಕಿನ ಬಗ್ಗೆ ನಿಜವಾದ ಮಾತು ಬರೀರಿ ಅಂದೆ. ಬರೆದಳು. ನಿಜ ಬರೆದಿದ್ದೇ ತಪ್ಪಾ?"

ತ್ಸೆಗಾ ಹಲಗೆ ಒರೆಸಲು ಹೋದಳು.

"ಮುಟ್ಟಬೇಡ ಪುಟ್ಟಿ. ಇರಲಿ ಅದು."

"ಟೀಚರ್, ಆದ್ರೂ ಕೀಲಿ..." ಎಂದ ಹೆಪಲ್.

"ಸ್ಕೂಲಲ್ಲೂ ನೀನು ಮೊದಲು ಹೊಳೆದ ಉತ್ತರಾನೇ ಬರೀತಿದ್ದೆ, ಡೇವಿ."

ಹೋದ ವರ್ಷದ ಪಂದ್ಯದಲ್ಲಿ ರಟ್ಟರ್ ಎದುರು ಸೋತಿದ್ದ ಸ್ಟಾಬ್ಸ್ ಮೇಲೂ ಅನುಮಾನ ಬಂತು. ಅವನು ರಾತ್ರಿಯೆಲ್ಲ ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ. ದಾದಿಯರೇ ಸಾಕ್ಷಿ.

*

ಎನಿಡ್ ಮೇಜಿನ ಬಳಿ ಕುರ್ಚಿ ಎಳೆದುಕೊಂಡರು. ಅವರ ಗಂಡ ಬದುಕಿದ್ದಷ್ಟು ದಿನವೂ ಲೀಕ್ ಬೆಳೆದವನು. ಬೇರು, ಬಿಳಿ ದಂಟು, ಎಲೆ, ತುಂಡಿಗೆ ತುಂಡು ಸೇರಿಸುತ್ತ ಹೋದರು. ಕೈ ನಿಂತಿತು.

"ಡೇವಿ, ಎರಡು ಗಿಡದಲ್ಲೂ ಒಂದೇ ಜಾಗದ ಎಲೆ ಇಲ್ಲ. ಕಸದ ಬುಟ್ಟಿಯಲ್ಲಿದ್ಯಾ?"

ಹೆಪಲ್ ಹುಡುಕಿದ. ಇರಲಿಲ್ಲ.

"ಪಂದ್ಯಕ್ಕೆ ಮುಂಚೆ ಸಂಘದೋರು ತೋಟ ತೋಟಕ್ಕೂ ಹೋಗಿ ಎಲೆ ಮೇಲೆ ನೀಲಿ ಮುದ್ರೆ ಒತ್ತುತ್ತಾರೆ. ಬೇರೆಯೋರ ಬೆಳೆ ಕೊಂಡು ತಂದಿಡಬಾರದು ಅಂತ. ಆ ಮುದ್ರೆ ಜಾಗವೇ ಮಾಯ. ಸಿಟ್ಟಲ್ಲಿ ಕೊಚ್ಚೋರು ಅದೊಂದನ್ನ ಆರಿಸಿ ಒಯ್ತಾರಾ? ತ್ಸೆಗಾಗೆ ಮುದ್ರೆ ವಿಷಯವೇ ಗೊತ್ತಿಲ್ಲ. ಅಂದ್ರೆ ಅಲ್ಲಿ ಮುದ್ರೆಯೇ ಇರಲಿಲ್ಲ. ಅದನ್ನ ಮುಚ್ಚಿಡಬೇಕಾದೋನು ಗಿಡದ ಯಜಮಾನ ಒಬ್ಬನೇ. ಇವನ ತೋಟದ ಗೊಬ್ಬರದ ಗುಂಡಿ ನೋಡು, ಮುದ್ರೆ ಒತ್ತಿದ ಇವನ ಸ್ವಂತ ಗಿಡ ಅಲ್ಲಿರಬೇಕು."

ರಟ್ಟರ್‌ನ ಮುಖ ಸುಣ್ಣವಾಯಿತು.

*

ಗುಂಡಿಯಲ್ಲಿ ಬುಡ ಕೊಳೆತ ಎರಡು ಲೀಕ್ ಸಿಕ್ಕವು. ಎಲೆಗಳ ಮೇಲೆ ನೀಲಿ ಮುದ್ರೆ ಅಚ್ಚಳಿಯದೆ ಇತ್ತು.

"ಇಷ್ಟು ವರ್ಷ ಮುದ್ರೆ ನೋಡ್ತಿದ್ದೋನು ನೀನೇ," ಎಂದರು ಎನಿಡ್. "ಅದಕ್ಕೇ ಧೈರ್ಯವಾಗಿ ಕೊಂಡು ತಂದಿಟ್ಟೆ."

ರಟ್ಟರ್ ತಲೆ ತಗ್ಗಿಸಿದ. "ನಿನ್ನೆ ಸಂಜೆ ತೀರ್ಪುಗಾರ ಫೋನ್ ಮಾಡಿ, ಈ ಸಲ ಮುದ್ರೆ ನಾನೇ ನೋಡ್ತೀನಿ ಅಂದ. ಗಿಡ ವಾಪಸ್ ತಗೊಂಡಿದ್ರೆ ಊರು ನಗ್ತಿತ್ತು. ಮರ್ಯಾದೆ ಪ್ರಶ್ನೆ. ಅದಕ್ಕೇ ರಾತ್ರಿ ಬಂದು ಕೊಚ್ಚಿದೆ."

"ಅವಳಿಗೆ ಮರ್ಯಾದೆ ಇಲ್ವೇನೋ, ದರಿದ್ರದೋನೇ?"

ಹೆಪಲ್ ತ್ಸೆಗಾಳ ಕ್ಷಮೆ ಕೇಳಿದ.

ಎನಿಡ್ ಚೀಲದಿಂದ ಆ ಶಿಫಾರಸು ಪತ್ರ ತೆಗೆದರು. ರಟ್ಟರ್‌ನ ಹೆಸರಿಗೆ ಹಾಳೆ ಹರಿಯುವಂತೆ ಗೀಟು ಎಳೆದು, ಕೆಳಗೆ ತಮ್ಮ ಸಹಿ ಹಾಕಿದರು.

"ಅಧ್ಯಕ್ಷರ ಸಹಿ ಬೇಡ್ವಾ, ಟೀಚರ್?" ಎಂದಳು ತ್ಸೆಗಾ.

"ಅವನ ‘ಈಗ’ ಕಾದು ಕಾದು ಸಾಕಾಗಿದೆ. ಬಾ."

ಬೀದಿ ತಿರುವಿನ ಕೆಂಪು ಅಂಚೆ ಡಬ್ಬಿಗೆ ತ್ಸೆಗಾಳೇ ಲಕೋಟೆ ಹಾಕಿದಳು. ಅದು ತಳಕ್ಕೆ ಬಿದ್ದ ಸದ್ದು ಕೇಳುವವರೆಗೂ ಇಬ್ಬರೂ ಕದಲಲಿಲ್ಲ.