ಹಗ್ಗದ ಆ ತುದಿ

"ಮಂಜು ಇಳಿದ್ರೆ ಕೈಗೆ ಸಿಕ್ಕಿದ್ದನ್ನ ನಂಬಿ ಸಾಹೇಬ್ರೇ, ಕಿವಿಗೆ ಬಿದ್ದಿದ್ದನ್ನಲ್ಲ," ಎಂದ ಜೇನು ಕೀಳುವ ಮುದುಕ. ಹಿಂದೆ ಒಬ್ಬನು ತನ್ನ ಒಡಹುಟ್ಟಿದ ತಮ್ಮನ ದನಿಯನ್ನೇ ಮಾಟದಿಂದ ಕದ್ದು, ಆ ದನಿಯಲ್ಲಿ ತಮ್ಮನ ಹೆಂಡತಿಯನ್ನು ಕರೆದು ಇದೇ ಬೆಟ್ಟದ ಅಂಚಿನಿಂದ ಕೆಡವಿದ್ದನಂತೆ. ಮಾಟ ಮಾಡಿದವನು ಸತ್ತ. ಮಾಟ ಸಾಯಲಿಲ್ಲ.

ಓದಿದವನಿಗೆ ಯಾರು ಹೇಳಬೇಕು? ಬೆಟ್ಟ ಅಳೆಯಲು ಬಂದಿದ್ದ ಸರ್ವೆಯರ್ ನಕ್ಕುಬಿಟ್ಟ. "ನಮ್ಮನೆಯವಳ ದನಿ ಕದಿಯೋಕೆ ಗುಂಡಿಗೆ ಬೇಕು ಅಜ್ಜ!"

"ಸಾಕು ನಡೀರಿ, ಮಹಾ ಧೈರ್ಯವಂತರು," ಎಂದು ಹೆಂಡತಿ ಅಳತೆಯ ಹಗ್ಗವನ್ನು ಅವನ ಹೆಗಲಿಗೆ ಹೇರಿದಳು. ಹನ್ನೊಂದು ವರ್ಷದಿಂದ ಅದರ ಒಂದು ತುದಿ ಅವನದು, ಇನ್ನೊಂದು ಅವಳದು. ಎರಡು ಸಲ ಜಗ್ಗಿದರೆ 'ಹಿಡಿದಿದ್ದೇನೆ' ಎಂದರ್ಥ. "ನೀವು ಬಿಟ್ರೂ ನಾನು ಬಿಡೋಳಲ್ಲ" ಎನ್ನುವುದು ಅವಳ ಹಳೇ ತಮಾಷೆ.

ಬೆಟ್ಟದ ನೆತ್ತಿ ಕುಡುಗೋಲಿನಿಂದ ಸವರಿದಷ್ಟು ಚಪ್ಪಟೆ. ಮೊಣಕಾಲೆತ್ತರದ ಹುಲ್ಲು, ಬಂಡೆಗುಳಿಗಳಲ್ಲಿ ತಿಳಿನೀರು, ಯಾವ ಕಾಲದವರೋ ಕಲ್ಲಿನಲ್ಲಿ ಕೊರೆದ ಜೋಡಿ ಪಾದಗಳು, ಅವುಗಳ ನಡುವೆ ಹಗ್ಗದಂಥ ಒಂದು ಗೆರೆ. ಎಂಥ ಚೆಲುವು! ಇಬ್ಬರೂ ಊಟ ಮರೆತು ಅಳೆದರು. ಕೊನೆಗೆ ಅಂಚೊಂದು ಉಳಿಯಿತು. ಅಲ್ಲಿ ಪಾಚಿ ಜಾರುತ್ತಿತ್ತು. ಅವಳು ಹಗ್ಗವನ್ನು ಸೊಂಟಕ್ಕೆ ಬಿಗಿದುಕೊಂಡು ಅಂಚಿಗೆ ಹೋದಳು. ಅವನು ಈ ತುದಿಯನ್ನು ಮುಂಗೈಗೆ ಸುತ್ತಿಕೊಂಡು ನಿಂತ.

ಆಗ ಮಂಜು ಇಳಿಯಿತು. ನಡುಮಧ್ಯಾಹ್ನವೇ ಕಣ್ಣು ಕಟ್ಟಿತು. ಹಕ್ಕಿಗಳ ಸದ್ದು ನಿಂತಿತು. ಎಲ್ಲಿಂದಲೋ ಸುಟ್ಟ ಕೂದಲಿನ ವಾಸನೆ.

"ಇದ್ದೀಯೇನೇ?"

ಹಗ್ಗ ಎರಡು ಸಲ ಜಗ್ಗಿತು. ಅವನಿಗೆ ಜೀವ ಬಂದಂತಾಯಿತು.

"ರೀ, ಯಾರನ್ನ ಕೇಳ್ತಿದ್ದೀರಿ?"

ದನಿ ಬೆನ್ನ ಹಿಂದೆಯೇ ಇತ್ತು. ಅವಳದೇ ದನಿ.

"ನಾನು ಆಗ್ಲೇ ಬಿಚ್ಕೊಂಡು ಬಂದೆ. ಆ ಕಡೆ ಇರೋದು ನಾನಲ್ಲ."

ಹಗ್ಗ ಧಡಕ್ಕನೆ ಎಳೆಯಿತು. ಅವನು ಮುಗ್ಗರಿಸಿದ. ಕಾಲು ಜಾರಿತು. ಅಂಚಿನತ್ತ ಜಾರುತ್ತಿದ್ದ. ಮುಂಗೈ ಕೊಯ್ಯುತ್ತಿತ್ತು.

"ಎಳ್ಕೊಂಡು ಹೋಗತ್ತೆ ರೀ! ಕತ್ತರಿಸಿ!"

ಮುದುಕನ ಮಾತು ನೆನಪಾಯಿತು. ಕೈ ತಡೆಯಿತು. ಆದರೆ ಹಿಂದೆ ಅಳುತ್ತಿದ್ದವಳು ಅವಳೇ. ಹನ್ನೊಂದು ವರ್ಷ ಕೇಳಿದ ಅಳು. ಹಗ್ಗ ಮತ್ತೆ ಜಗ್ಗಿತು. ಒಂದು ಸಲ. ಎರಡು ಸಲ.

ಅವನು ಚಾಕು ಎಳೆದ. ಕತ್ತರಿಸಿದ.

ಕೆಳಗೆ, ಬಹಳ ಕೆಳಗೆ, ಅವಳು ಅವನನ್ನು ಕೂಗಿದಳು. ಆಮೇಲೆ ಏನೂ ಕೇಳಲಿಲ್ಲ. ಅವನು ಹಿಂತಿರುಗಿ ನೋಡಿದ. ಮಂಜು ಕರಗುತ್ತಿತ್ತು. ಹಿಂದೆ ಹುಲ್ಲು ಬಿಟ್ಟರೆ ಏನೂ ಇರಲಿಲ್ಲ.

ತುಂಡು ಹಗ್ಗ ಎಳೆದುಕೊಂಡು ಹೇಗೋ ಕೆಳಗಿಳಿದ. ಬುಡದಲ್ಲಿ ಕಾದಿದ್ದ ಮುದುಕ ಹಗ್ಗದ ಕತ್ತರಿಸಿದ ತುದಿಯನ್ನು ನೋಡಿದ. ಆಮೇಲೆ ಅವನ ಹೆಗಲಾಚೆ ನೋಡಿ, ಮುಖ ಬಿಳುಚಿಕೊಂಡು ಎರಡು ಹೆಜ್ಜೆ ಹಿಂದೆ ಸರಿದ.

"ತಿರುಗಿ ನೋಡ್ಬೇಡಿ ಸಾಹೇಬ್ರೇ."

ಅಷ್ಟರಲ್ಲಿ ಕುತ್ತಿಗೆಗೆ ತಣ್ಣನೆಯ ಉಸಿರು ತಾಗಿತು.

"ನೀವು ಬಿಟ್ರೂ," ಎಂದಿತು ಆ ದನಿ, "ನಾನು ಬಿಡೋಳಲ್ಲ."